ಅಚ್ಚಿನ ಲೆಕ್ಕ: ಪಾಸ್ತಾ–ಶಾವಿಗೆ ಉದ್ಯಮದಲ್ಲಿ ನಾವು ಮರೆತಿರುವ ಬಂಡವಾಳ

ಶಾವಿಗೆ, ಮ್ಯಾಕರೋನಿ, ಪಾಸ್ತಾ ಮುಂತಾದವುಗಳ ತಯಾರಿಕಾ ಘಟಕವನ್ನು ಸ್ಥಾಪಿಸಲು ಮುಂದಾಗುವ ಉದ್ಯಮಿಯು ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಯನ್ನು ಗಮನಿಸಿ ನೋಡಿದರೆ ಒಂದು ವೈಚಿತ್ರ್ಯ ಕಂಡುಬರುತ್ತದೆ. ಕಟ್ಟಡಕ್ಕೆ ಒಂದು ಪುಟ, ಎಕ್ಸ್‌ಟ್ರೂಡರ್ ಯಂತ್ರಕ್ಕೆ ಒಂದು ಪುಟ, ಡ್ರೈಯರ್‌ಗೆ ಒಂದು ಪುಟ, ಪ್ಯಾಕಿಂಗ್ ಯಂತ್ರಕ್ಕೆ ಅರ್ಧ ಪುಟ ಮೀಸಲಾಗಿರುತ್ತದೆ. ಆದರೆ ಯಂತ್ರದ ಬಾಯಿಗೆ ಜೋಡಿಸುವ, ಹಿಟ್ಟಿಗೆ ರೂಪವನ್ನು ಕೊಡುವ ಡೈ ಮತ್ತು ಅದರೊಳಗೆ ಕೂರುವ ಇನ್ಸರ್ಟ್‌ಗಳು ಕೊನೆಯ ಸಾಲಿನಲ್ಲಿ ‘ಬಿಡಿಭಾಗಗಳು ಹಾಗೂ ಇತರೆ’ ಎಂಬ ಶೀರ್ಷಿಕೆಯಡಿ ಅಡಗಿ ಕುಳಿತಿರುತ್ತವೆ. ಗ್ರಾಹಕನು ಅಂಗಡಿಯಲ್ಲಿ ಪೊಟ್ಟಣವನ್ನು ಎತ್ತಿ ನೋಡುವಾಗ ಅವನ ಕಣ್ಣಿಗೆ ಬೀಳುವುದು ಕಟ್ಟಡವೂ ಅಲ್ಲ, ಯಂತ್ರವೂ ಅಲ್ಲ. ಆ ಡೈ ಮೂಡಿಸಿದ ಆಕಾರ, ಬಣ್ಣ ಮತ್ತು ಮೈ ಮಾತ್ರ.

ಮೂರು ದಶಕಗಳಿಂದ ಸಣ್ಣ ಕೈಗಾರಿಕೆಗಳ ಲೆಕ್ಕಪತ್ರಗಳನ್ನು ಪರಿಶೀಲಿಸುತ್ತ ಬಂದಿರುವ ನನ್ನ ಅಭಿಪ್ರಾಯವಿಷ್ಟು: ಆಹಾರ ಘಟಕಗಳು ಡೈಯನ್ನು ಬಿಡಿಭಾಗವೆಂದು ಭಾವಿಸುವುದರಿಂದ ಹಣ ಸೋರುತ್ತಿದೆ, ನಮ್ಮ ಟೂಲ್ ರೂಮ್‌ಗಳು ಅದನ್ನು ಕೆ.ಜಿ. ಲೆಕ್ಕದ ಲೋಹದ ಕೆಲಸವೆಂದು ಭಾವಿಸುವುದರಿಂದ ಒಂದು ಒಳ್ಳೆಯ ವ್ಯವಹಾರ ಕೈತಪ್ಪುತ್ತಿದೆ. ಈ ಎರಡೂ ನಷ್ಟಗಳಿಗೆ ಪರಿಹಾರ ಒಂದೇ ಕಡೆ ಇದೆ.

ಡೈ ಮಾಡುವ ಕೆಲಸ

ಮನೆಯ ಚಕ್ಕಲಿ ಒರಳಿನ ತೂತುಬಿಲ್ಲೆ ಎಲ್ಲರಿಗೂ ಪರಿಚಿತ. ತತ್ತ್ವ ಅದೇ, ವ್ಯತ್ಯಾಸವಿರುವುದು ಒತ್ತಡದಲ್ಲಿ ಮತ್ತು ಕರಾರುವಾಕ್ಕಿನಲ್ಲಿ. ಕೈಗಾರಿಕಾ ಯಂತ್ರದಲ್ಲಿ ರವೆಗೆ ನೀರನ್ನು ಬೆರೆಸಿ, ಸುಮಾರು ಶೇಕಡ 30ರಿಂದ 32ರಷ್ಟು ತೇವಾಂಶವಿರುವ ಗಟ್ಟಿ ಹಿಟ್ಟನ್ನು ಸಿದ್ಧಪಡಿಸಿ, ಗಾಳಿಯ ಗುಳ್ಳೆಗಳನ್ನು ನಿರ್ವಾತದ ಮೂಲಕ ಹೊರಗೆಳೆದು, ಸ್ಕ್ರೂ ಮೂಲಕ 80ರಿಂದ 120 ಬಾರ್ ಒತ್ತಡದಲ್ಲಿ ಡೈಯತ್ತ ನೂಕಲಾಗುತ್ತದೆ. ಉದ್ದನೆಯ ಸ್ಪಾಗೆಟಿಗೆ ಆಯತಾಕಾರದ ಡೈ. ಗಿಡ್ಡ ತುಂಡುಗಳಿಗೆ ದುಂಡನೆಯ ಡೈ, ಅದರ ಮುಖಕ್ಕೆ ತಾಗಿದಂತೆ ತಿರುಗುವ ಚಾಕು.

ಡೈಯ ಒಡಲು ಕಂಚಿನದು ಅಥವಾ ಸ್ಟೇನ್‌ಲೆಸ್ ಉಕ್ಕಿನದು. ಅದರಲ್ಲಿ ಕೊರೆದ ಗೂಡುಗಳಲ್ಲಿ ಇನ್ಸರ್ಟ್‌ಗಳು ಕೂರುತ್ತವೆ. ಒಡಲು ಬಹುಕಾಲ ಬಾಳುತ್ತದೆ, ಸವೆಯುವುದು ಇನ್ಸರ್ಟ್. ಮ್ಯಾಕರೋನಿಯಂತಹ ಟೊಳ್ಳು ಆಕಾರಕ್ಕೆ ರಂಧ್ರದ ನಡುವೆ ಒಂದು ಪಿನ್ ನಿಲ್ಲಬೇಕು. ಆ ಪಿನ್ನನ್ನು ಸಾಮಾನ್ಯವಾಗಿ ಮೂರು ಕಾಲುಗಳು ಹಿಡಿದಿರುತ್ತವೆ. ಹಿಟ್ಟು ಆ ಕಾಲುಗಳ ಬಳಿ ಸೀಳಿಕೊಂಡು, ಕೆಳಗೆ ಬಂದು ಒತ್ತಡದಲ್ಲಿ ಮತ್ತೆ ಬೆಸೆದುಕೊಳ್ಳುತ್ತದೆ. ಬೆಸುಗೆ ಸರಿಯಾಗದಿದ್ದರೆ ಕುದಿಯುವ ನೀರಿನಲ್ಲಿ ಕೊಳವೆ ಉದ್ದಕ್ಕೂ ಬಿರಿಯುತ್ತದೆ. ಬಾಗಿದ ಮ್ಯಾಕರೋನಿ ಬೇಕಾದರೆ ಪಿನ್ನಿನ ಒಂದು ಬದಿಯಲ್ಲಿ ಸಣ್ಣ ಕಚ್ಚು ಹಾಕುತ್ತಾರೆ. ಆ ಬದಿಯಲ್ಲಿ ಹಿಟ್ಟು ವೇಗವಾಗಿ ಹರಿದು ತುಂಡು ತಾನಾಗಿಯೇ ಇನ್ನೊಂದು ಬದಿಗೆ ಬಾಗುತ್ತದೆ. ಇವೆಲ್ಲವೂ ಮಿಲಿಮೀಟರಿನ ನೂರನೇ ಒಂದು ಭಾಗದಲ್ಲಿ ಅಳೆಯಬೇಕಾದ ಕೆಲಸ.

ಲೋಹದ ಆಯ್ಕೆಯೂ ಮಾರುಕಟ್ಟೆಯ ತೀರ್ಮಾನವೇ. ಕಂಚಿನ ಇನ್ಸರ್ಟ್‌ನಿಂದ ಹೊರಬಂದ ಪಾಸ್ತಾದ ಮೈ ಒರಟಾಗಿ, ಹಿಟ್ಟು ಸವರಿದಂತೆ ಬೆಳ್ಳಗಿರುತ್ತದೆ; ಸಾರು, ಮಸಾಲೆ ಅದಕ್ಕೆ ಚೆನ್ನಾಗಿ ಅಂಟುತ್ತದೆ. ಟೆಫ್ಲಾನ್ ಹೊದಿಸಿದ ಇನ್ಸರ್ಟ್‌ನಿಂದ ಬಂದದ್ದು ನುಣುಪಾಗಿ, ಹೊಳೆಯುವ ಹಳದಿಯಾಗಿರುತ್ತದೆ. ಘರ್ಷಣೆ ಕಡಿಮೆಯಾದ ಕಾರಣ ಉತ್ಪಾದನೆಯ ವೇಗವೂ ಹೆಚ್ಚು. ಇಟಲಿಯ ಕಂಪನಿಗಳು ‘ಕಂಚಿನ ಅಚ್ಚಿನಲ್ಲಿ ತೆಗೆದದ್ದು’ ಎಂದು ಪೊಟ್ಟಣದ ಮೇಲೆ ಮುದ್ರಿಸಿ ಹೆಚ್ಚಿನ ಬೆಲೆಗೆ ಮಾರುತ್ತವೆ. ಬಿಡಿಭಾಗವೊಂದರ ಹೆಸರು ಪೊಟ್ಟಣದ ಮುಖಪುಟಕ್ಕೆ ಬಂದು ಬೆಲೆಯನ್ನು ಏರಿಸುವ ಉದಾಹರಣೆ ಬೇರೆ ಎಷ್ಟು ಉದ್ಯಮಗಳಲ್ಲಿ ಸಿಕ್ಕೀತು?

ಸವೆತದ ಗಣಿತ

ರಂಧ್ರ ಸವೆದರೆ ಏನಾದೀತು, ಪೊಟ್ಟಣವನ್ನು ತೂಕಕ್ಕೆ ತಾನೆ ಮಾರುವುದು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಸವೆದ ಡೈಯಿಂದ ರವೆ ಹೆಚ್ಚು ಖರ್ಚಾಗುವುದಿಲ್ಲ. ನಷ್ಟ ಬೇರೆ ದಾರಿಯಿಂದ ಬರುತ್ತದೆ.

1.70 ಮಿ.ಮೀ. ವ್ಯಾಸದ ರಂಧ್ರವು ಸವೆದು 1.80 ಮಿ.ಮೀ. ಆಯಿತೆನ್ನಿ. ಕಣ್ಣಿಗೆ ಕಾಣದ ಈ ವ್ಯತ್ಯಾಸದಿಂದ ಎಳೆಯ ಅಡ್ಡಕೊಯ್ತದ ವಿಸ್ತೀರ್ಣ ಶೇಕಡ 12ರಷ್ಟು ಹೆಚ್ಚುತ್ತದೆ. ತೇವಾಂಶವು ಒಳಗಿನಿಂದ ಹೊರಗೆ ಬರಲು ತೆಗೆದುಕೊಳ್ಳುವ ಕಾಲವು ಸ್ಥೂಲವಾಗಿ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ಅಂದರೆ ಮ್ಯಾಕರೋನಿಯ ಗೋಡೆ 1 ಮಿ.ಮೀ.ನಿಂದ 1.1 ಮಿ.ಮೀ.ಗೆ ಏರಿದರೆ ಒಣಗಲು ಸುಮಾರು ಶೇಕಡ 21ರಷ್ಟು ಹೆಚ್ಚು ಕಾಲ ಬೇಕು. ಡ್ರೈಯರ್‌ನ ಅವಧಿಯನ್ನು ಹೆಚ್ಚಿಸಿದರೆ ಇಂಧನದ ವೆಚ್ಚ ಏರುತ್ತದೆ, ದಿನದ ಉತ್ಪಾದನೆ ಇಳಿಯುತ್ತದೆ. ಹೆಚ್ಚಿಸದಿದ್ದರೆ ಒಳಗೆ ತೇವ ಉಳಿದು ತುಂಡುಗಳು ದಾಸ್ತಾನಿನಲ್ಲಿ ಬಿರುಕು ಬಿಡುತ್ತವೆ ಅಥವಾ ಬೂಷ್ಟು ಹಿಡಿಯುತ್ತವೆ. ಇದಲ್ಲದೆ ಒಂದೇ ಡೈಯ ಎಲ್ಲ ರಂಧ್ರಗಳೂ ಸಮನಾಗಿ ಸವೆಯುವುದಿಲ್ಲ. ಹೆಚ್ಚು ಸವೆದ ರಂಧ್ರದಲ್ಲಿ ಹಿಟ್ಟು ವೇಗವಾಗಿ ಹರಿಯುತ್ತದೆ. ಚಾಕು ಮಾತ್ರ ಒಂದೇ ವೇಗದಲ್ಲಿ ತಿರುಗುತ್ತದೆ. ಪರಿಣಾಮವಾಗಿ ಒಂದೇ ಪೊಟ್ಟಣದಲ್ಲಿ ಉದ್ದದವು, ಗಿಡ್ಡದವು, ದಪ್ಪದವು, ತೆಳ್ಳಗಿನವು ಕಲೆತು, ಕೆಲವು ಬೆಂದು ಮೆತ್ತಗಾಗುವ ಹೊತ್ತಿಗೆ ಕೆಲವು ಹಲ್ಲಿಗೆ ಸಿಗುತ್ತವೆ. ಗೃಹಿಣಿಯು ದೂರು ಬರೆಯುವುದಿಲ್ಲ. ಮುಂದಿನ ತಿಂಗಳು ಬೇರೆ ಕಂಪನಿಯ ಪೊಟ್ಟಣ ಕೊಳ್ಳುತ್ತಾಳೆ.

ಇದನ್ನು ರೂಪಾಯಿಗೆ ಇಳಿಸಿ ನೋಡೋಣ. ಕೆಳಗಿನ ಅಂಕಿಗಳು ಕೇವಲ ಉದಾಹರಣೆಗಾಗಿ. ಓದುಗರು ತಮ್ಮ ಘಟಕದ ಅಂಕಿಗಳನ್ನು ಹಾಕಿಕೊಳ್ಳಬಹುದು. 1,20,000 ರೂ. ಬೆಲೆಯ ಒಂದು ಜೊತೆ ಇನ್ಸರ್ಟ್‌ಗಳು 3 ಲಕ್ಷ ಕೆ.ಜಿ. ಉತ್ಪಾದನೆಯವರೆಗೆ ಅಳತೆ ಕಾಯ್ದುಕೊಂಡರೆ ಪ್ರತಿ ಕೆ.ಜಿ.ಗೆ 40 ಪೈಸೆ ತಗಲುತ್ತದೆ. 2,00,000 ರೂ. ಬೆಲೆಯದು 8 ಲಕ್ಷ ಕೆ.ಜಿ.ವರೆಗೆ ಬಾಳಿದರೆ 25 ಪೈಸೆ. ಸವೆದ ಡೈಯನ್ನೇ ಎಳೆದಾಡುವುದರಿಂದ ತಿರಸ್ಕೃತ ಮಾಲು ಶೇಕಡ 1ರಿಂದ 3ಕ್ಕೆ ಏರಿ, ಅದನ್ನು ಮತ್ತೆ ಪುಡಿ ಮಾಡುವುದರಲ್ಲಿ ಕೆ.ಜಿ.ಗೆ 20 ರೂ. ನಷ್ಟವಾದರೆ, ಒಟ್ಟು ಉತ್ಪಾದನೆಯ ಮೇಲೆ ಪ್ರತಿ ಕೆ.ಜಿ.ಗೆ ಇನ್ನೂ 40 ಪೈಸೆ. ವರ್ಷಕ್ಕೆ 10 ಲಕ್ಷ ಕೆ.ಜಿ. ತಯಾರಿಸುವ ಘಟಕಕ್ಕೆ ಈ ಎರಡು ಬಾಬುಗಳಿಂದಲೇ 5,50,000 ರೂ. ಹೊರೆ ಬೀಳುತ್ತದೆ. ಡೈ ಖರೀದಿಯಲ್ಲಿ ಉಳಿಸಿದ್ದೇವೆಂದು ಹಿಗ್ಗಿದ ಮೊತ್ತ 80,000 ರೂ.! ಹನಿಹನಿಗೂಡಿದರೆ ಹಳ್ಳ ಎಂಬ ಗಾದೆ ಉಳಿತಾಯಕ್ಕೆ ಅನ್ವಯಿಸುವಂತೆಯೇ ಸೋರಿಕೆಗೂ ಅನ್ವಯಿಸುತ್ತದೆ.

ಇಷ್ಟಾದರೂ, ಪ್ರತಿ ಡೈಗೆ ಒಂದು ಸಂಖ್ಯೆ ಕೊಟ್ಟು, ಅದರ ಮೂಲಕ ಹರಿದ ಕೆ.ಜಿ.ಗಳನ್ನು ದಾಖಲಿಸುವ ಪುಸ್ತಕವನ್ನು ಇಟ್ಟಿರುವ ಸಣ್ಣ ಘಟಕಗಳು ನಾನು ಕಂಡಂತೆ ತೀರ ವಿರಳ. ಲಾರಿಯ ಟೈರಿಗೆ ಕಿಲೋಮೀಟರ್ ಲೆಕ್ಕ ಇಡುವ ನಾವು ಡೈಗೆ ಕೆ.ಜಿ. ಲೆಕ್ಕ ಇಡುವುದಿಲ್ಲ.

ಪಿಸ್ತೋಯ ನಗರದ ಪಾಠ

ಪಾಸ್ತಾ ಎಂದೊಡನೆ ನೆನಪಾಗುವ ಇಟಲಿಯ ಊರುಗಳು ನೇಪಲ್ಸ್ ಸಮೀಪದ ಗ್ರಾನ್ಯಾನೋ, 1877ರಲ್ಲಿ ಬರಿಲ್ಲಾ ಆರಂಭವಾದ ಪಾರ್ಮಾ, 1886ರಲ್ಲಿ ಡಿ ಚೆಕ್ಕೋ ಹುಟ್ಟಿದ ಫಾರಾ ಸಾನ್ ಮಾರ್ತಿನೋ. ಆದರೆ ಜಗತ್ತಿನಾದ್ಯಂತ ಪಾಸ್ತಾ ಕಾರ್ಖಾನೆಗಳಿಗೆ ಡೈ ಒದಗಿಸುವ ಪ್ರಮುಖ ಸಂಸ್ಥೆಗಳು ಇರುವುದು ಟಸ್ಕನಿ ಪ್ರಾಂತ್ಯದ ಪಿಸ್ತೋಯ ಎಂಬ ಚಿಕ್ಕ ನಗರದಲ್ಲಿ. 1925ರಲ್ಲಿ ಸ್ಥಾಪನೆಯಾದ ಲಾಂದುಚ್ಚಿ ಅಲ್ಲಿಯದು. ನಿಕ್ಕೊಲಾಯಿ ಸಹ ಅಲ್ಲಿಯದೇ. ಈ ಊರಿನ ವೈಶಿಷ್ಟ್ಯವು ಗೋಧಿಯಲ್ಲಿಲ್ಲ, ಲೋಹದಲ್ಲಿದೆ. ಇಂದು ಹಿಟಾಚಿ ರೈಲ್ ಒಡೆತನದಲ್ಲಿರುವ ರೈಲು ಬೋಗಿ ಕಾರ್ಖಾನೆ ಅಲ್ಲಿದೆ. ಸಂಗೀತಗಾರರು ಬಳಸುವ ಕಂಚಿನ ತಾಳಗಳನ್ನು ಎರಕ ಹೊಯ್ಯುವ ಯುಫಿಪ್ ಸಂಸ್ಥೆ 1931ರಲ್ಲಿ ಅಲ್ಲಿಯೇ ಆರಂಭವಾಯಿತು. ಕಂಚನ್ನು ಬಲ್ಲ ಕೈಗಳು ಊರಿನಲ್ಲಿದ್ದವು.

1933ರಲ್ಲಿ ಪಾರ್ಮಾದ ಬ್ರೈಬಾಂತಿ ಸೋದರರು ನಿರಂತರವಾಗಿ ನಡೆಯುವ ಪಾಸ್ತಾ ಯಂತ್ರವನ್ನು ತಂದ ಮೇಲೆ ಡೈಯ ಮೇಲಿನ ಹೊರೆ ಬದಲಾಯಿತು. ಅದುವರೆಗೆ ಒಂದೊಂದು ಮುದ್ದೆಯನ್ನು ಒತ್ತುತ್ತಿದ್ದ ಕಡೆ ಹಗಲಿರುಳು ಹಿಟ್ಟು ಹರಿಯತೊಡಗಿತು. ಹೀಗೆ ಹಗಲಿರುಳು ನಡೆಯುವ ಕಾರ್ಖಾನೆಗೆ ಡೈ ಒಮ್ಮೆ ಕೊಂಡು ಮರೆಯುವ ವಸ್ತುವಲ್ಲ. ಮತ್ತೆ ಮತ್ತೆ ಅಳೆಯಿಸಿ, ರಿಪೇರಿ ಮಾಡಿಸಿ, ಇನ್ಸರ್ಟ್ ಬದಲಿಸಬೇಕಾದ ವಸ್ತು. ಡೈ ತಯಾರಕನ ನಿಜವಾದ ಆದಾಯ ಇರುವುದು ಈ ಮರಳಿ ಬರುವ ಕೆಲಸದಲ್ಲಿ. ಇದನ್ನು ನಮ್ಮ ಟೂಲ್ ರೂಮ್ ಮಾಲೀಕರು ವಿಶೇಷವಾಗಿ ಗಮನಿಸಬೇಕು.

ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಯಾಗಾರವಿದೆ, ಬೆಳಗಾವಿಯಲ್ಲಿ ಫೌಂಡ್ರಿಗಳಿವೆ, ಪೀಣ್ಯದಲ್ಲಿ ಸಿ.ಎನ್.ಸಿ. ಲೇತ್, ವೈರ್ ಕಟ್, ಸ್ಪಾರ್ಕ್ ಇರೋಷನ್ ಯಂತ್ರಗಳಿವೆ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಬೆಂಗಳೂರಿನಾಚೆಗೂ ಶಾಖೆಗಳನ್ನು ಹೊಂದಿದೆ. ಇನ್ನು ಗೋಧಿಯ ವಿಷಯ: ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಡ್ಯೂರಂ ಗೋಧಿಯೂ, ನಾವು ಸದಕ ಅಥವಾ ಜವೆ ಗೋಧಿ ಎನ್ನುವ ತಳಿಯೂ ಬೆಳೆಯುತ್ತವೆ, ಸದಕದ ಶಾವಿಗೆಗೆ ಈ ಭಾಗದ ಮನೆಮನೆಯಲ್ಲೂ ಹೆಸರಿದೆ. ಲೋಹವೂ ಇದೆ, ಕೈಯೂ ಇದೆ, ಗೋಧಿಯೂ ಇದೆ. ಇಲ್ಲದಿರುವುದು ಇವುಗಳ ನಡುವಿನ ಒಡನಾಟ.

ಲೆಕ್ಕದ ಪುಸ್ತಕದಲ್ಲಿ ಡೈಗೆ ಸ್ಥಾನವೆಲ್ಲಿ?

ಇಲ್ಲಿ ನನ್ನ ವೃತ್ತಿಗೆ ಸೇರಿದ ಮಾತು. 2025ರ ಸೆಪ್ಟೆಂಬರ್ 22ರಿಂದ ಪಾಸ್ತಾ ಮೇಲಿನ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿದಿದೆ; ಶಾವಿಗೆಯ ಮೇಲೆ 2017ರಿಂದಲೇ ಶೇಕಡ 5 ಇತ್ತು. ಆದರೆ ಪಾಸ್ತಾ ಯಂತ್ರದ ಭಾಗಗಳ ಮೇಲೆ ಶೇಕಡ 18. ಹೀಗೆ ಕೊಳ್ಳುವಾಗ ಹೆಚ್ಚು, ಮಾರುವಾಗ ಕಡಿಮೆ ತೆರಿಗೆ ಇರುವಲ್ಲಿ ಹೂಡುವಳಿ ತೆರಿಗೆಯ ಜಮೆ ಖಾತೆಯಲ್ಲಿ ಉಳಿದುಕೊಳ್ಳುತ್ತದೆ. ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 54(3)ನೇ ಕಲಮಿನ ಪ್ರಕಾರ ಇಂತಹ ಜಮೆಯ ಮರುಪಾವತಿಯನ್ನು ಕೇಳಬಹುದಾದರೂ, ಅದರ ಲೆಕ್ಕಕ್ಕೆ ಬಂಡವಾಳ ಸರಕುಗಳ ಮೇಲಿನ ತೆರಿಗೆ ಸೇರುವುದಿಲ್ಲ.

ಬಂಡವಾಳ ಸರಕು ಯಾವುದು? ಕಾಯ್ದೆಯ ಉತ್ತರ ನೇರವಾಗಿದೆ: ಯಾವ ಸರಕಿನ ಮೌಲ್ಯವನ್ನು ಲೆಕ್ಕದ ಪುಸ್ತಕದಲ್ಲಿ ಬಂಡವಾಳವಾಗಿ ನಮೂದಿಸಲಾಗಿದೆಯೋ ಅದು. ಆದುದರಿಂದ ಪುಸ್ತಕದಲ್ಲಿ ಡೈಯನ್ನು ಎಲ್ಲಿ ಬರೆಯುತ್ತೇವೆ ಎಂಬುದು ನಗದಿನ ಮೇಲೆ ಪರಿಣಾಮ ಬೀರುವ ತೀರ್ಮಾನ. 2016ರಲ್ಲಿ ಪರಿಷ್ಕೃತವಾದ ಲೆಕ್ಕಪತ್ರ ಮಾನಕ 10ರಂತೆ, ಬಿಡಿಭಾಗವೊಂದು ಸ್ಥಿರಾಸ್ತಿಯ ವ್ಯಾಖ್ಯೆಗೆ ಒಳಪಟ್ಟರೆ, ಅಂದರೆ ಹನ್ನೆರಡು ತಿಂಗಳಿಗೂ ಮೀರಿ ಬಳಕೆಯಲ್ಲಿರುವ ನಿರೀಕ್ಷೆ ಇದ್ದರೆ, ಅದನ್ನು ಸ್ಥಿರಾಸ್ತಿಯಾಗಿ ತೋರಿಸಬೇಕು, ಇಲ್ಲವಾದರೆ ದಾಸ್ತಾನು. ಹಲವು ವರ್ಷ ಬಾಳುವ ಡೈಯ ಒಡಲು ಸ್ಥಿರಾಸ್ತಿ. ವರ್ಷದೊಳಗೆ ಸವೆಯುವ ಇನ್ಸರ್ಟ್ ದಾಸ್ತಾನು ಎಂದು ವಿಂಗಡಿಸುವುದು ಬಹುಪಾಲು ಘಟಕಗಳಿಗೆ ಸರಿಹೊಂದೀತು. ಆದರೆ ಈ ವಿಂಗಡಣೆಗೆ ಆಧಾರವಾಗಿ ಬಾಳಿಕೆಯ ದಾಖಲೆ ಬೇಕು. ಮರುಪಾವತಿಯ ಆಸೆಯಿಂದ ಎಲ್ಲವನ್ನೂ ವೆಚ್ಚಕ್ಕೆ ಬರೆದವರು ತಪಾಸಣೆಯ ದಿನ ಉತ್ತರ ಹುಡುಕಬೇಕಾಗುತ್ತದೆ. ಒಡಲನ್ನು ಬಂಡವಾಳವಾಗಿ ನಮೂದಿಸಿದಾಗ ತೆರಿಗೆಯ ಅಂಶದ ಮೇಲೂ ಸವಕಳಿ ಪಡೆದು, ಅದೇ ತೆರಿಗೆಯ ಜಮೆಯನ್ನೂ ಪಡೆಯುವಂತಿಲ್ಲ ಎಂಬುದೂ ನೆನಪಿರಲಿ.

ಇನ್ನೊಂದು ಅನುಕೂಲವನ್ನು ಅನೇಕರು ಗಮನಿಸಿಲ್ಲ. ಜಾಬ್ ವರ್ಕ್‌ಗೆ ಕಳುಹಿಸಿದ ಬಂಡವಾಳ ಸರಕುಗಳು ಮೂರು ವರ್ಷಗಳೊಳಗೆ ಹಿಂದಿರುಗಬೇಕೆಂಬ 143ನೇ ಕಲಮಿನ ಗಡುವು ಅಚ್ಚು, ಡೈ, ಜಿಗ್, ಫಿಕ್ಸ್‌ಚರ್ ಮತ್ತು ಉಪಕರಣಗಳಿಗೆ ಅನ್ವಯಿಸುವುದಿಲ್ಲ. ಸರಿಯಾದ ಚಲನ್ ಇಟ್ಟುಕೊಂಡು ಡೈಯನ್ನು ಟೂಲ್ ರೂಮಿಗೆ ನಿಶ್ಚಿಂತೆಯಿಂದ ಕಳುಹಿಸಬಹುದು.

ಟೂಲ್ ರೂಮ್ ಮಿತ್ರರಿಗೆ

ತಯಾರಕರ ಪಾಲಿನ ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಮೊದಲನೆಯದು ಲೋಹದ ಶುದ್ಧತೆ. ಲೇತ್‌ನಲ್ಲಿ ಸಲೀಸಾಗಿ ಕಡೆಯಲೆಂದು ಹಿತ್ತಾಳೆಗೆ ಸೀಸ ಬೆರೆಸುವ ವಾಡಿಕೆ ಇದೆ. ನಲ್ಲಿಯ ತಿರುಪಿಗೆ ಒಗ್ಗಿದ ಸರಳು ಆಹಾರಕ್ಕೆ ತಾಗುವ ಇನ್ಸರ್ಟ್‌ಗೆ ಒಗ್ಗದು. ಯಾವ ಮಿಶ್ರಲೋಹ, ಯಾವ ಸಂಯೋಜನೆ ಎಂಬ ಪ್ರಯೋಗಾಲಯದ ಪ್ರಮಾಣಪತ್ರವಿಲ್ಲದೆ ಆಹಾರ ಯಂತ್ರದ ಡೈಯನ್ನು ಯಾರೂ ಮಾರಬಾರದು, ಯಾರೂ ಕೊಳ್ಳಬಾರದು. ಎರಡನೆಯದು ಅಳತೆ. ಒಂದು ಡೈಯ ಇನ್ಸರ್ಟ್‌ಗಳೆಲ್ಲವೂ ಪರಸ್ಪರ ಹೊಂದಬೇಕು. ಪ್ರತಿಯೊಂದರ ಅಳತೆಯ ವರದಿಯನ್ನು ಬಿಲ್ಲಿನ ಜೊತೆ ಕೊಡುವವನು ತೂಕದ ದರಕ್ಕಿಂತ ಮೇಲಿನ ದರವನ್ನು ಕೇಳಲು ಅರ್ಹನಾಗುತ್ತಾನೆ. ಮೂರನೆಯದು ನಕಲು. ವಿದೇಶಿ ಇನ್ಸರ್ಟ್ ಒಂದನ್ನು ಮುಂದಿಟ್ಟುಕೊಂಡು ಅದರಂತೆಯೇ ಕಡೆದುಕೊಡುವ ಮೊದಲು 2000ದ ವಿನ್ಯಾಸ ಕಾಯ್ದೆಯಡಿ ಆ ಆಕಾರ ನೋಂದಣಿಯಾಗಿದೆಯೇ, ಪೇಟೆಂಟ್ ಇದೆಯೇ ಎಂದು ವಿಚಾರಿಸುವುದು ಒಳಿತು.

ಹೊಸ ಆಕಾರದ ಹುಚ್ಚಿಗೂ ಮಿತಿ ಇರಬೇಕು. ಹೆಸರಾಂತ ಕಾರು ವಿನ್ಯಾಸಕ ಜಾರ್ಜೆತ್ತೋ ಜುಜ್ಯಾರೋ 1983ರಲ್ಲಿ ವೊಯಿಯೆಲ್ಲೋ ಕಂಪನಿಗಾಗಿ ‘ಮರಿಲ್ಲೆ’ ಎಂಬ ಪಾಸ್ತಾ ಆಕಾರವನ್ನು ರೂಪಿಸಿದರು. ನೋಡಲು ಸೊಗಸಾಗಿತ್ತು, ಎಲ್ಲ ಭಾಗಗಳೂ ಸಮನಾಗಿ ಬೇಯದ ಕಾರಣ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಡೈ ತಯಾರಕನಿಗೆ ಲೇತ್ ತಿಳಿದರೆ ಸಾಲದು, ಅಡುಗೆಯ ಪಾತ್ರೆಯೂ ತಿಳಿದಿರಬೇಕು.

ಇತ್ತ ಆಹಾರ ಘಟಕಗಳು ಟೂಲ್ ರೂಮ್‌ಗಳನ್ನು ನಡೆಸಿಕೊಳ್ಳುವ ಬಗೆಯೂ ತೃಪ್ತಿಕರವಾಗಿಲ್ಲ. ಡ್ರಾಯಿಂಗ್ ಇಲ್ಲದೆ ಹಳೆಯ ತುಂಡನ್ನು ಕೊಟ್ಟು ‘ಇದರಂತೆ ಹತ್ತು ಮಾಡಿ’ ಎನ್ನುವುದು, ಹಣವನ್ನು ಆರು ತಿಂಗಳು ತಡೆಹಿಡಿಯುವುದು ಮಾಮೂಲಾಗಿದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಕರಾರಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಕೊಡಬೇಕೆಂಬುದು 2006ರ ಕಾಯ್ದೆಯ ನಿಯಮ. ಗಡುವು ಮೀರಿ ಬಾಕಿ ಉಳಿದ ಮೊತ್ತವನ್ನು ಪಾವತಿಸಿದ ವರ್ಷದಲ್ಲಷ್ಟೇ ವೆಚ್ಚವೆಂದು ಪರಿಗಣಿಸುವ ಆದಾಯ ತೆರಿಗೆಯ ನಿಬಂಧನೆಯನ್ನು 2023ರ ಹಣಕಾಸು ಕಾಯ್ದೆ ತಂದಿತು. ಸಕಾಲದ ಪಾವತಿ ಈಗ ಸೌಜನ್ಯವಷ್ಟೇ ಅಲ್ಲ, ತೆರಿಗೆಯ ಜಾಣತನವೂ ಹೌದು.

ಆಕ್ಷೇಪಣೆಗೆ ಉತ್ತರ

‘ಇಷ್ಟು ಸಣ್ಣ ಬೇಡಿಕೆಗೆ ಯಾರು ಕೈಹಾಕುತ್ತಾರೆ? ಇಟಲಿಯವರ ಶತಮಾನದ ಅನುಭವದೊಡನೆ ಪೈಪೋಟಿ ಸಾಧ್ಯವೇ?’ ಎಂದು ಹಿರಿಯ ಸದಸ್ಯರು ಕೇಳಬಹುದು. ರಫ್ತಿನ ಕನಸನ್ನು ಮೊದಲ ದಿನವೇ ಕಾಣುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಆರಂಭಿಸಬೇಕಾದುದು ಶಾವಿಗೆಯ ಡೈಗಳಿಂದ, ಸವೆದ ಡೈಗಳ ಪುನಶ್ಚೇತನದಿಂದ. ಶಾವಿಗೆಯ ರಂಧ್ರಕ್ಕೆ ಪಿನ್ ಬೇಡ, ಬೆಸುಗೆಯ ಚಿಂತೆ ಇಲ್ಲ. ಆದರೆ ಅಳತೆಯ ಶಿಸ್ತು ಮಾತ್ರ ಅಷ್ಟೇ ಬೇಕು. ಅಲ್ಲಿ ಕೈ ಪಳಗಿದವರು ಮ್ಯಾಕರೋನಿಗೆ ಏರಬಹುದು. ಟೆಫ್ಲಾನ್ ಸೇರಿರುವ ರಾಸಾಯನಿಕ ಗುಂಪಿಗೆ ನಿರ್ಬಂಧ ಹೇರುವ ಪ್ರಸ್ತಾವವನ್ನು 2023ರ ಜನವರಿಯಲ್ಲಿ ಯುರೋಪಿನ ಐದು ದೇಶಗಳು ಮಂಡಿಸಿವೆ. ಅದರ ಫಲಿತಾಂಶ ಏನೇ ಆಗಲಿ, ಕಂಚಿನ ಕೆಲಸ ಕಲಿತವನಿಗೆ ನಷ್ಟವಿಲ್ಲ.

ಈ ದಿಸೆಯಲ್ಲಿ ನಮ್ಮ ಸಂಸ್ಥೆ ಮೂರು ಹೆಜ್ಜೆಗಳನ್ನು ಇಡಬಹುದೆಂದು ಸೂಚಿಸಬಯಸುತ್ತೇನೆ. ಮೊದಲಿಗೆ, ಶಾವಿಗೆ–ಪಾಸ್ತಾ ತಯಾರಕ ಸದಸ್ಯರಿಂದ ಅವರು ಬಳಸುವ ಡೈಗಳ ಅಳತೆ, ಸಂಖ್ಯೆ ಮತ್ತು ವಾರ್ಷಿಕ ಬದಲಾವಣೆಯ ಪಟ್ಟಿಯನ್ನು ಸಂಗ್ರಹಿಸಲಿ. ಹತ್ತು ಘಟಕಗಳ ಬಿಡಿ ಬೇಡಿಕೆ ಒಟ್ಟುಗೂಡಿದರೆ ಟೂಲ್ ರೂಮ್ ಮಾಲೀಕನಿಗೆ ಅದೊಂದು ಆರ್ಡರ್. ಎರಡನೆಯದಾಗಿ, ಸರ್ಕಾರಿ ಉಪಕರಣಾಗಾರ ಮತ್ತು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ತಜ್ಞರನ್ನು ಒಂದೇ ವೇದಿಕೆಗೆ ಕರೆದು, ಲೋಹದವರೂ ಹಿಟ್ಟಿನವರೂ ಎದುರುಬದುರು ಕುಳಿತು ಮಾತನಾಡುವ ಒಂದು ದಿನದ ಕಾರ್ಯಾಗಾರ ಏರ್ಪಡಿಸಲಿ. ಮೂರನೆಯದಾಗಿ, ಡೈ ಖರೀದಿಗೆ ಅನ್ವಯವಾಗುವ ಮಾದರಿ ಕರಾರೊಂದನ್ನು ಸಿದ್ಧಪಡಿಸಲಿ: ಲೋಹದ ಪ್ರಮಾಣಪತ್ರ, ಅಳತೆಯ ವರದಿ, ಖಾತರಿಯ ಕೆ.ಜಿ. ಮತ್ತು 45 ದಿನಗಳ ಪಾವತಿ, ಈ ನಾಲ್ಕು ಅಂಶಗಳು ಅದರಲ್ಲಿರಲಿ. ಕರಡನ್ನು ಸಿದ್ಧಪಡಿಸುವ ಕೆಲಸದಲ್ಲಿ ನನ್ನ ಸೇವೆ ಉಚಿತವಾಗಿ ಲಭ್ಯ.

ಅದುವರೆಗೆ ಪ್ರತಿಯೊಬ್ಬ ಸದಸ್ಯರೂ ಈ ತಿಂಗಳೇ ಮಾಡಬಹುದಾದ ಕೆಲಸವೊಂದಿದೆ. ತಮ್ಮ ಘಟಕದ ಡೈಗಳಿಗೆ ಸಂಖ್ಯೆ ಬರೆದು, ಒಂದು ಸಾದಾ ನೋಟ್ ಪುಸ್ತಕದಲ್ಲಿ ಯಾವ ಡೈಯಿಂದ ಎಷ್ಟು ಕೆ.ಜಿ. ಹರಿಯಿತು, ಎಂದು ಅಳೆಯಲಾಯಿತು, ಅಳತೆ ಎಷ್ಟು ಬಂತು ಎಂದು ದಾಖಲಿಸಲಿ. ಖರ್ಚಿಲ್ಲದ ಈ ಪುಸ್ತಕ ವರ್ಷಾಂತ್ಯಕ್ಕೆ ಲೆಕ್ಕಪರಿಶೋಧಕನ ಮೇಜಿಗೆ ಬಂದರೆ, ಲಾಭ ಎಲ್ಲಿ ಸೋರಿತು ಎಂಬ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ.